ಎಳೆದು ನೋಡಿದ ಕೊಳವೆ

"ನನ್ನ ಕಣ್ತಪ್ಪಿಸಿ ಈ ಊರಲ್ಲಿ ಹಿಮವೂ ಬೀಳಲ್ಲ" ಎನ್ನುತ್ತಿದ್ದಳು ಮೇನ್ ಎಂಬ ಚಳಿಸೀಮೆಯ ನಮ್ಮೂರಿನ ಯುಡೋರಾ ಅಜ್ಜಿ. ಮೊಟ್ಟೆ ಕೊಳ್ಳುವ ಮುಂಚೆ ಕೋಳಿಯನ್ನೇ ವಿಚಾರಿಸುವವಳು.

ಅವಳ ಹೊಸ ಒಲೆ ಮರದ ಹೊಟ್ಟಿನ ಗುಳಿಗೆ ಉರಿಸುವಂಥದು. ಅದಕ್ಕೆ ಹೊಗೆಕೊಳವೆ ಹಾಕಲು ಲಿಯಾಂಡರ್ ಬಂದ. ಚಿಮಣಿಗಳಲ್ಲೇ ಆಯುಸ್ಸು ಕಳೆದ ಅವನು ಕೆಮ್ಮಿದರೆ ಮೂರು ಮನೆ ಕಪ್ಪಾಗುತ್ತಿದ್ದವು. ಹೊಗೆ ತಣ್ಣಗಾಗದಂತೆ ಕೊಳವೆಗೆ ಶಾಖ ಹಿಡಿದಿಡುವ ಕಂಬಳಿ ಸುತ್ತಿ, ಅಜ್ಜಿ ಅಡುಗೆಮನೆಗೆ ಹೋಗಿದ್ದಾಗ ಚಿಮಣಿಯೊಳಗೆ ಇಳಿಸಿಬಿಟ್ಟ.

"ಅರ್ಧಕ್ಕೇ ಸುತ್ತಿದ್ದೀಯ ಕಣೋ! ಎಳಿ ಮೇಲಕ್ಕೆ!" ಎಂದಳು ವಾಪಸು ಬಂದ ಅಜ್ಜಿ.

"ಎಳೆದ್ರೆ ಕಂಬಳಿ ಇಟ್ಟಿಗೆಗೆ ಸಿಕ್ಕಿ ಹರಿಯುತ್ತೆ ಅಜ್ಜಿ."

"ಕಳ್ಳರೆಲ್ಲ ಹಿಂಗೇ ಅನ್ನೋದು!"

ಎಳೆದ. ಕಂಬಳಿ ತುದಿಯವರೆಗೂ ಇತ್ತು, ಆದರೆ ಚಿಂದಿಯಾಗಿತ್ತು. ಅವಳ ಬೆನ್ನ ಹಿಂದೆ, ಕಿಟಕಿಯಾಚೆ, ವರ್ಷದ ಮೊದಲ ಹಿಮ ಬೀಳತೊಡಗಿತ್ತು.

"ಒಲೆ ಹಚ್ಚೋ ಹಾಗಿಲ್ವಾ? ಇವತ್ತು ಏನು ಹೊದ್ಕೊಳ್ಲೋ?"

"ನಿಮ್ಮ ಅನುಮಾನಾನೇ ಹೊದ್ಕೊಳ್ಳಿ ಅಜ್ಜಿ. ನನ್ನ ಕಂಬಳಿಗಿಂತ ದಪ್ಪಗಿದೆ."