ಬೇಲಿ ದಾಟದ ಚೆಂಡು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬ್ಯಾಟು ಕೈಗೆ ಬಂದರೆ ಅದು ತೋಳಿಗೆ ಇಳಿಯುತ್ತದೆ. ಕಬಕದಿಂದ ಕಡಬಕ್ಕೆ ಆಟದ ಟೀಚರಾಗಿ ಬಂದ ವರ್ಷವೇ ಶಾಲೆಯ ಮೈದಾನದಲ್ಲಿ ಭಾನುವಾರದ ಸಾಫ್ಟ್‌ಬಾಲ್ ಶುರುಮಾಡಿದೆ. ಕಾಲೇಜಿನಲ್ಲಿ ಹತ್ತಿದ ಚಟ, ಬಿಡಲಿಲ್ಲ. ಅಂಗಡಿಯವರು, ತೋಟದವರು, ಒಬ್ಬಳು ನರ್ಸ್, ಗುತ್ತಿಗಾರಿನಿಂದ ಬೈಕಿನಲ್ಲಿ ಬರುವ ಇಬ್ಬರು, ಹೀಗೆ ಗುಂಪು ಕೂಡಿತು. ಗುತ್ತಿಗಾರಿನವರು ತಡವಾದಾಗಲೆಲ್ಲ "ದಾರಿಯಲ್ಲಿ ಆನೆ ಉಂಟು" ಎಂದು ಫೋನ್ ಮಾಡುತ್ತಾರೆ. ನಿಜವೋ ಸುಳ್ಳೋ ಆನೆಯನ್ನೇ ಕೇಳಬೇಕು.

ಮೈದಾನದ ಆಚೆ ಇಳಿಜಾರಿನ ರಬ್ಬರ್ ತೋಟ. ಬೇಲಿ ದಾಟಿದ ಚೆಂಡು ಕೆಳಗೆ ಹರಿಯುವ ತೋಡಿನವರೆಗೂ ಉರುಳುತ್ತದೆ. ಹಾಗಾಗಿ ನಮ್ಮದೊಂದು ಕಾನೂನು: ಚೆಂಡು ಬೇಲಿ ದಾಟಿದರೆ ಔಟ್, ಹೊಡೆದವರೇ ಹೋಗಿ ಹುಡುಕಿ ತರಬೇಕು. ಬೇರೆ ಊರಿನಲ್ಲಿ ಅಂಥ ಹೊಡೆತಕ್ಕೆ ಚಪ್ಪಾಳೆ ಸಿಗುತ್ತದೆ, ನಮ್ಮಲ್ಲಿ ಜಿಗಣೆ ಸಿಗುತ್ತದೆ.

ಈ ಕಾನೂನು ತಂದವರು ನೆಲ್ಯಾಡಿ ಕಡೆಯ ಒಬ್ಬ ರಬ್ಬರ್ ಬೆಳೆಗಾರರು. ಅಜ್ಜನ ಕಾಲದಲ್ಲಿ ಕೇರಳದಿಂದ ಬಂದ ಮನೆತನ. ಎಲ್ಲರೂ ಅವರನ್ನು ಚೇಟ್ಟ, ಅಂದರೆ ಅಣ್ಣ, ಎಂದೇ ಕರೆಯುತ್ತಿದ್ದೆವು. ಬೆಳಗ್ಗೆ ಮರ ಕೆತ್ತಿ ಹಾಲಿಳಿಸುವ ಟ್ಯಾಪಿಂಗ್ ಮುಗಿಸಿ, ರಬ್ಬರ್ ಹಾಲಿನ ವಾಸನೆಯ ಕೈಯಲ್ಲೇ ಬಂದು, ಬ್ಯಾಟ್ ಮಾಡುವವರ ಹಿಂದೆ ಕ್ಯಾಚರ್ ಆಗಿ ಕೂರುತ್ತಿದ್ದರು. ನಮ್ಮ ಚೆಂಡುಗಳೂ ಅವರದೇ ಕೈಕೆಲಸ. ಮರದ ಗಾಯದಲ್ಲಿ ಒಣಗಿ ಉಳಿದ ರಬ್ಬರ್ ಪಟ್ಟಿಗಳನ್ನು ಎಳೆದೆಳೆದು ಸುತ್ತಿ ಮಾಡುತ್ತಿದ್ದರು. ಅದಕ್ಕೆ ಬ್ಯಾಟು ತಾಗಿದರೆ ಸಾಕು, ಹಾರುತ್ತಿತ್ತು!

ನಾನು ಹೊಡೆದದ್ದೆಲ್ಲ ಬೇಲಿಯಾಚೆ. ಹಿಂದಿನಿಂದ ತಕ್ಷಣ ಚೇಟ್ಟನ ದನಿ: "ಟೀಚರ್, ಔಟ್! ಹೋಗಿ, ಚೆಂಡು ತನ್ನಿ."

"ಮೆಲ್ಲ ಹೊಡೆಯುದು ನನ್ನಿಂದ ಆಗುದಿಲ್ಲ. ನಿಮ್ಮ ಕಾನೂನು ಬದಲಿಸಿ ಮಾರಾಯ್ರೆ."

"ಕಾನೂನು ಅಲ್ಲ, ನಿಮ್ಮ ಸಿಟ್ಟು ಕಡಿಮೆ ಮಾಡಿ."

ವರ್ಷಗಟ್ಟಲೆ ಇದೇ ಜಗಳ. ಒಂದೇ ಹೊಡೆತಕ್ಕೆ ನಾಲ್ಕೂ ಬೇಸ್ ಸುತ್ತಿ, ಹೊಡೆದ ಜಾಗಕ್ಕೇ ಓಡಿ ಬರುವ ಭಾಗ್ಯ ಒಮ್ಮೆಯೂ ಸಿಗಲಿಲ್ಲ. ಆ ಒಂದು ಸುತ್ತು ನನಗೆ ಬೇಕೇ ಬೇಕಿತ್ತು, ಅದೂ ಅವರ ಕಣ್ಣೆದುರಿಗೇ.

ಒಂದು ಬುಧವಾರ ಚೇಟ್ಟ ತೋಟದಲ್ಲೇ ಕುಸಿದು ತೀರಿಕೊಂಡರು. ಹೃದಯಾಘಾತ. ಹಿಂದಿನ ಭಾನುವಾರ ನನಗಿಂತ ಜೋರಾಗಿ ಕೂಗಿದ್ದ ಮನುಷ್ಯ! ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಅವರ ಮನೆಯಂಗಳದಲ್ಲಿ ನಿಂತಾಗ, ಇವರಿಗೆ ಎಷ್ಟು ಮಕ್ಕಳು ಎಂಬುದೂ ನನಗೆ ತಿಳಿದಿಲ್ಲ ಎಂದು ಹೊಳೆಯಿತು. ಸ್ನೇಹಿತರಲ್ಲ, ನೆಂಟರಲ್ಲ. ವಾರಕ್ಕೆರಡು ಗಂಟೆ ಜಗಳವಾಡಿದವಳು ಯಾವ ಹಕ್ಕಿನಿಂದ ಅಳುವುದು?

ಮಣ್ಣು ಕೊಟ್ಟು ಬಂದ ಮೇಲೆ ಅವರ ಹೆಂಡತಿ ಒಳಗಿನಿಂದ ಒಂದು ಚೆಂಡು ತಂದರು. "ನೀವೇ ಅಲ್ವಾ ಆ ಟೀಚರ್? ಇದು ನಿಮಗೆ ಅಂತಲೇ ಮಾಡಿದ್ದು. ಒಳಗೆ ಗೋಣಿನೂಲು ಸುತ್ತಿದ್ದಾರೆ, ಎಷ್ಟು ಹೊಡೆದ್ರೂ ಬೇಲಿ ದಾಟುದಿಲ್ಲ. ಟೀಚರ್ ಒಮ್ಮೆಯಾದ್ರೂ ಪೂರ್ತಿ ಓಡ್ಲಿ ಅಂತ ಹೇಳ್ತಿದ್ರು."

ಭಾನುವಾರ ಎಲ್ಲರೂ ಸೇರಿದೆವು. ಚೆಂಡನ್ನು ನೋಡಿ ಉಳಿದವರು "ಶಾಲೆಯ ಕಪಾಟಿನಲ್ಲಿ ಇಡುವ, ನೆನಪಿಗೆ" ಎಂದರು.

"ಕಪಾಟಿಗೆ ಮಾಡಿದ್ದಾ ಅವರು?" ಎಂದು ರೇಗಿ ಬ್ಯಾಟು ಹಿಡಿದೆ. ಚೇಟ್ಟನ ಜಾಗದಲ್ಲಿ ಕೂರಲು ಯಾರಿಗೂ ಮನಸ್ಸಾಗಲಿಲ್ಲ. ಹಿಂದೆ ಶಾಲೆಯ ಗೋಡೆ ಉಂಟಲ್ಲ, ಸಾಕು ಎಂದರು.

ನರ್ಸ್ ಕೈಯನ್ನು ಕೆಳಗಿನಿಂದ ಬೀಸಿ ಎಸೆದಳು. ಇದ್ದ ಸಿಟ್ಟನ್ನೆಲ್ಲ ಸೇರಿಸಿ ಬಾರಿಸಿದೆ. ಚೆಂಡು ಏರಿತು, ಏರಿತು, ಬೇಲಿಯ ಬುಡದಲ್ಲಿ ದೊಪ್ಪೆಂದು ಒಳಗೇ ಬಿತ್ತು! "ಓಡಿ ಟೀಚರ್, ಓಡಿ!" ಎದುರು ತಂಡದವರೂ ಕಿರುಚುತ್ತಿದ್ದರು. ಒಂದನೇ ಬೇಸ್, ಎರಡನೆಯದು. ಸೆರಗು ಸೊಂಟಕ್ಕೆ ಕಟ್ಟಿದ್ದೆ, ಒಂದು ಚಪ್ಪಲಿ ಎಲ್ಲೋ ಹೋಯಿತು. ಮೂರನೆಯದು. ನಗು ತಡೆಯಲಾಗದೆ ಉಸಿರು ಕಟ್ಟುತ್ತಿತ್ತು. ಬೇಲಿಯಿಂದ ಎಸೆದ ಚೆಂಡು ನನ್ನ ಬೆನ್ನಟ್ಟಿ ಬರುತ್ತಿತ್ತು. ಹೊಡೆದ ಜಾಗವೇ ಕೊನೆಯ ಬೇಸ್, ಅಲ್ಲಿಗೆ ಜಾರಿಕೊಂಡೇ ಬಿದ್ದೆ.

"ಸೇಫ್! ಈಗ ಎಂತ ಹೇಳ್ತೀರಿ ಮಾರಾಯ್ರೆ?" ಎಂದು ಜಗಳಕ್ಕೆ ಹಿಂದೆ ತಿರುಗಿದೆ.

ಹಿಡಿಯುವವರಿಲ್ಲದ ಚೆಂಡು ಗೋಡೆಗೆ ತಾಗಿ ಅಲ್ಲೇ ಬಿದ್ದಿತ್ತು. ಮಣ್ಣಿನಲ್ಲಿ ಕೂತು ಗೊಳೋ ಎಂದು ಅತ್ತೆ. ಹಕ್ಕಿನ ಲೆಕ್ಕ ಯಾರೂ ಕೇಳಲಿಲ್ಲ. ಆಮೇಲೆ ಎದ್ದು, ನಾನೇ ಹೋಗಿ ಚೆಂಡು ತಂದೆ.