ಹನ್ನೊಂದು ಜನ, ಒಂದೇ ಉತ್ತರ

ಕೋವಿಡ್ ಕಾಟ ಮುಗಿದು ಪ್ರವಾಸಿಗರು ದಾಂಡೇಲಿಗೆ ಮತ್ತೆ ಮುಗಿಬಿದ್ದ ವರ್ಷ. ಸರ್ಕಾರಿ ಆಸ್ಪತ್ರೆಯ ಸ್ಟಾಫ್ ನರ್ಸ್ ಕೆಲಸದಿಂದ ನಿವೃತ್ತಳಾದ ನಾನು ಜೋಯಿಡಾ ತಾಲ್ಲೂಕಿನಲ್ಲಿ ಕಾಳಿ ನದಿಯ ದಂಡೆಯ ಖಾಸಗಿ ಶಿಬಿರವೊಂದರಲ್ಲಿ ಪ್ರಥಮ ಚಿಕಿತ್ಸಾ ಕೋಣೆಯ ಉಸ್ತುವಾರಿಗೆ ಸೇರಿದ್ದೆ. ರಾಫ್ಟಿಂಗ್, ಅಂದರೆ ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಹರಿವಿನ ಜೊತೆ ಸಾಗುವ ಆಟ, ಅಲ್ಲಿಯ ಮುಖ್ಯ ಆಕರ್ಷಣೆ. ನಾನು ಜಲವಿದ್ಯುತ್ ಯೋಜನೆಯ ಊರಾದ ಅಂಬಿಕಾನಗರದ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಅಣೆಕಟ್ಟಿನಿಂದ ನೀರು ಬಿಡುವ ಸೈರನ್ ಕೂಗಿದರೆ ಹೊಳೆಯಿಂದ ದೂರ ಓಡಬೇಕೆಂದು ಅಪ್ಪ ಕಲಿಸಿದ್ದರು. ಅದೇ ಹೊಳೆಗೆ ಜನ ದುಡ್ಡು ಕೊಟ್ಟು ಇಳಿಯುವುದನ್ನು ಕಂಡು ಮೊದಮೊದಲು ನಗು ಬರುತ್ತಿತ್ತು.

ನಾನು ಸೇರಿದಾಗ ನೀರಿಗಿಳಿಯುವವರನ್ನು ಒಬ್ಬೊಬ್ಬರಾಗಿ ನನ್ನ ಕೋಣೆಗೆ ಕಳಿಸುತ್ತಿದ್ದರು. ಬಾಗಿಲು ಮುಚ್ಚಿಕೊಂಡು ಕೇಳುತ್ತಿದ್ದೆ: ಹೃದಯದ ತೊಂದರೆ ಇದೆಯೇ, ದಮ್ಮು ಇದೆಯೇ, ಫಿಟ್ಸ್ ಬರುತ್ತದೆಯೇ, ಗರ್ಭಿಣಿಯೇ, ದಿನವೂ ಗುಳಿಗೆ ನುಂಗುತ್ತೀರಾ? ಆ ಸೀಸನ್ನಿಗೆ ಇದರ ಬದಲು ಮೊಬೈಲಿನಲ್ಲಿ ತುಂಬುವ ಫಾರ್ಮ್ ಬಂತು. ಬೇರೆ ಬೇರೆ ಪುಟಗಳಲ್ಲಿರುವ ಒಂದೇ ಹೆಸರಿನ ಖಾನೆಗಳನ್ನು ಅದರಲ್ಲಿ ಒಳಗಿಂದಲೇ ಜೋಡಿಸಿರುತ್ತಾರೆ. ಒಂದು ಕಡೆ ತುಂಬಿದರೆ ಉಳಿದ ಕಡೆಯೂ ತಾನೇ ತುಂಬಿಕೊಳ್ಳುತ್ತದೆ. ಒಬ್ಬ ರೋಗಿಯ ಹೆಸರು, ಊರನ್ನು ಹತ್ತು ಕಾಗದದ ಮೇಲೆ ಬರೆದು ಬೆರಳು ಸವೆಸಿಕೊಂಡವಳು ನಾನು. ಇದನ್ನು ಕಂಡುಹಿಡಿದವನಿಗೆ ಪುಣ್ಯ ಬರಲಿ ಎಂದುಕೊಂಡೆ.

ಆದರೆ ಆ ಫಾರ್ಮಿನ ಕೆಳಗೆ ಒಂದು ಚೌಕವಿತ್ತು: ‘ಗುಂಪಿನ ಎಲ್ಲರಿಗೂ ಇದೇ ಮಾಹಿತಿ’. ಗುಂಪಿನ ಯಜಮಾನ ತನ್ನದನ್ನು ತುಂಬಿ, ಉಳಿದವರ ಹೆಸರು, ವಯಸ್ಸು ಹಾಕಿ, ಆ ಚೌಕವನ್ನು ಒತ್ತಿದರೆ ಮುಗಿಯಿತು. ಸರತಿ ಸಾಲು ಮಾಯವಾಯಿತು, ಮ್ಯಾನೇಜರ್ ಖುಷಿಯಾದರು, ನನ್ನ ಕೋಣೆಗೆ ಬರುವವರು ನಿಂತೇಹೋದರು.

ಒಂದು ದಿನ ಮುಂಡಗೋಡದಿಂದ ಹನ್ನೊಂದು ಜನರ ವ್ಯಾಪಾರಸ್ಥ ಕುಟುಂಬವೊಂದು ಬಂದಿತ್ತು. ಹಿರಿಯರು ಚನ್ನಬಸಪ್ಪ ಎಂಬವರು. ಹಣೆತುಂಬ ವಿಭೂತಿ, ಗಟ್ಟಿ ದನಿ; ಮನೆಯವರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದರು. ಎಲ್ಲರ ಫೋನು, ಚೀಲಗಳನ್ನು ಒಂದೇ ಲಾಕರಿನಲ್ಲಿಡಿಸಿ, ಅದರ ಕೀಲಿಯನ್ನು ಕೊರಳಿಗೆ ಹಾಕಿಕೊಂಡು ಅವರು ಮುಂದಿನ ರಾಫ್ಟ್ ಹತ್ತಿದರು. ಅಣ್ಣನ ಮಗ ಸಂತೋಷ ಅವರ ಜೊತೆ ಕೂತ. ಅವನ ಹೆಂಡತಿ ದಾನೇಶ್ವರಿ ಉಳಿದ ಹೆಂಗಸರೊಂದಿಗೆ ಹಿಂದಿನ ರಾಫ್ಟಿನಲ್ಲಿದ್ದಳು. ಮದುವೆಯಾಗಿ ವರ್ಷ ತುಂಬಿರದ, ಹಳಿಯಾಳ ಕಡೆಯ ಹುಡುಗಿ.

ಅವರು ಹೋಗಿ ಬಹಳ ಹೊತ್ತಾಗಿರಲಿಲ್ಲ. ಹಿಂದಿರುಗಿ ಬರಬಾರದ ಹೊತ್ತಿನಲ್ಲಿ ದಂಡೆಯ ದಾರಿಯಲ್ಲಿ ಕಾದಿರುವ ಶಿಬಿರದ ಜೀಪಿನ ಸದ್ದು ಕೇಳಿ ಬಾಗಿಲಿಗೆ ಬಂದೆ. ರಾಫ್ಟುಗಳ ಹಿಂದೆ ಸಣ್ಣ ದೋಣಿಯಲ್ಲಿ ಕಾವಲಿಗೆ ಹೋಗುವ ಇನಾಸ ಸಿದ್ದಿ ಎಂಬ ಗೈಡ್ ದಾನೇಶ್ವರಿಯನ್ನು ಎತ್ತಿಕೊಂಡು ಒಳಗೆ ಬಂದ. ಅವಳ ಮುಖ ನೀಲಿಗಟ್ಟಿತ್ತು, ಪ್ರಜ್ಞೆ ಇರಲಿಲ್ಲ.

“ನೀರು ಸುಮ್ನಿತ್ತರೀ ಅಕ್ಕಾರ, ರಾಫ್ಟ್ ಅಳ್ಳಾಡಿಲ್ಲ. ಮೊದಲ ಆಕಿ ಕೈ ಸೆಟದಂಗ ಕಂಡ್ವು, ಆಮ್ಯಾಲೆ ಬಿದ್ಲು. ಕಲ್ಲಿಗೆ ತಲಿ ಬಡೀತೋ ಏನೋ, ನನಗ ಕಾಣಲಿಲ್ಲ. ನಾ ದಂಡಿಗೆ ಎಳಕೊಳ್ಳೂದ್ರಾಗ ರಾಫ್ಟ್ ತಿರುವು ದಾಟಿತ್ತು.”

ಹರಿವಿನಲ್ಲಿ ಹೋದ ರಾಫ್ಟು ಹಿಂದೆ ಬರಲಾರದು, ಕಾಡಿನ ನಡುವೆ ಅದರ ಗೈಡಿಗೆ ಫೋನೂ ಸಿಗದು. ಮನೆಯವರೆಲ್ಲ ಕೆಳಗೆ ದಡ ಸೇರಿ, ಬಸ್ಸು ಹತ್ತಿ ಬರುವವರೆಗೆ ಅವಳಿಗೆ ನಾವಿಬ್ಬರೇ ದಿಕ್ಕು. ಮಗ್ಗುಲಿಗೆ ಮಲಗಿಸಿ ಬಾಯಿ ಚೊಕ್ಕಟ ಮಾಡಿ ಆಕ್ಸಿಜನ್ ಹಚ್ಚಿದೆ. ಉಸಿರು ಸ್ವಲ್ಪ ಮರಳಿತು. ಅಷ್ಟರಲ್ಲಿ ಮೈಯೆಲ್ಲ ಮತ್ತೆ ಸೆಟೆದು ನಡುಗತೊಡಗಿತು.

ದಾಂಡೇಲಿಯ ವೈದ್ಯರಿಗೆ ಫೋನ್ ಮಾಡಿದೆ. ಆಂಬುಲೆನ್ಸ್ ಹೊರಡಿಸಿ ಅವರು ಕೇಳಿದರು: “ತಲೆಗೆ ಪೆಟ್ಟಾಗಿ ಬಂದದ್ದೋ, ಮೊದಲಿನಿಂದಲೂ ಫಿಟ್ಸ್ ಇದೆಯೋ? ಗರ್ಭಿಣಿಯೇ? ತಲೆಗೆ ಪೆಟ್ಟಾಗಿದ್ದರೆ ನೇರ ಹುಬ್ಬಳ್ಳಿಗೆ ಒಯ್ಯಬೇಕು ಸಿಸ್ಟರ್. ಈ ಉಸಿರಿನಲ್ಲಿ ಅಷ್ಟು ದೂರ ತಡೆದಾಳೆಂಬ ಧೈರ್ಯ ನನಗಿಲ್ಲ. ಹಳೆಯ ಫಿಟ್ಸೇ ಆಗಿದ್ದರೆ ಇಲ್ಲೇ ನೋಡಿಕೊಳ್ಳುತ್ತೇನೆ. ಬೇಗ ತಿಳಿದು ಹೇಳಿ.”

ಕಂಪ್ಯೂಟರಿನಲ್ಲಿ ಅವಳ ಪುಟ ತೆರೆದೆ. ಫಿಟ್ಸ್: ಇಲ್ಲ. ದಿನನಿತ್ಯದ ಗುಳಿಗೆ: ಇಲ್ಲ. ಗರ್ಭಿಣಿಯೇ: ಅನ್ವಯಿಸುವುದಿಲ್ಲ. ಇಪ್ಪತ್ತಮೂರು ವರ್ಷದ ಮದುವೆಯಾದ ಹೆಣ್ಣಿಗೆ ಅನ್ವಯಿಸುವುದಿಲ್ಲವಂತೆ! ನನಗೆ ಅನುಮಾನ ಬಂದು ಉಳಿದ ಪುಟಗಳನ್ನು ತಿರುವಿದೆ. ಹನ್ನೊಂದು ಜನರಿಗೂ ಒಂದೇ ರಕ್ತದ ಗುಂಪು. ಹನ್ನೊಂದು ಪುಟಗಳ ಕೆಳಗೂ ಚನ್ನಬಸಪ್ಪನವರ ಬೆರಳು ಗೀಚಿದ ಒಂದೇ ಸಹಿ. ನಾನು ಓದುತ್ತಿದ್ದುದು ಅರವತ್ತು ದಾಟಿದ ಗಂಡಸಿನ ಆರೋಗ್ಯವನ್ನು.

ತುರ್ತು ಸಂಪರ್ಕದ ಸಂಖ್ಯೆಯೂ ಎಲ್ಲರಿಗೂ ಒಂದೇ, ಚನ್ನಬಸಪ್ಪನವರದು. ಫೋನು ಲಾಕರಿನಲ್ಲಿದೆಯೆಂದು ಗೊತ್ತಿದ್ದೂ ಅದಕ್ಕೆ ರಿಂಗ್ ಮಾಡಿದೆ. ಗೋಡೆಯ ಆಚೆಯ ಲಾಕರಿನೊಳಗೆ ಫೋನ್ ಬಡಿದುಕೊಳ್ಳತೊಡಗಿತು. ಆ ಸದ್ದು ಕೇಳುತ್ತ ನಿಂತಾಗ ಆದಷ್ಟು ಹೆದರಿಕೆ ನನಗೆ ನೌಕರಿಯ ಉದ್ದಕ್ಕೂ ಆಗಿರಲಿಲ್ಲ. ಒಂದು ಜೀವ ಕೈಯಲ್ಲಿ ಜಾರುತ್ತಿತ್ತು, ಅದರ ಬಗ್ಗೆ ಬಲ್ಲವರು ಒಬ್ಬರೂ ಇರಲಿಲ್ಲ.

ಅತಿಥಿಗಳ ಲಾಕರ್ ಒಡೆಯುವಂತಿಲ್ಲ ಎಂದು ಮ್ಯಾನೇಜರ್ ತಡವರಿಸಿದರು. “ಒಡೀರಿ, ಜೇಲಿಗೆ ನಾ ಹೋಗ್ತೇನಿ” ಎಂದು ಗದರಿಸಿದೆ. ಇನಾಸ ಸಬ್ಬಲಿನಿಂದ ಮೀಟಿದ. ಅವಳ ಚೀಲದಲ್ಲಿ ಕುಂಕುಮದ ಡಬ್ಬಿ, ಅದರ ತಳದಲ್ಲಿ ಕಾಗದದಲ್ಲಿ ಸುತ್ತಿದ ಬಿಳಿ ಗುಳಿಗೆಗಳು ಸಿಕ್ಕವು. ಸ್ಟ್ರಿಪ್ಪಿನಿಂದ ಬಿಡಿಸಿಟ್ಟಿದ್ದರಿಂದ ಹೆಸರು ಗೊತ್ತಾಗುವಂತಿರಲಿಲ್ಲ. ಪಕ್ಕದಲ್ಲಿದ್ದ ಅವಳ ಫೋನಿನಲ್ಲಿ ಅದೇ ಬೆಳಗಿನ ನಾಲ್ಕು ಮಿಸ್ಡ್ ಕಾಲ್‌ಗಳಿದ್ದವು, ನಾಲ್ಕೂ ‘ಅವ್ವ’ನವು. ಅದಕ್ಕೆ ಲಾಕ್ ಇತ್ತು, ತಿರುಗಿ ಕರೆ ಮಾಡಲು ಬರಲಿಲ್ಲ. ಫೋನನ್ನು ಅವಳ ತಲೆದೆಸೆಯಲ್ಲಿಟ್ಟುಕೊಂಡು, ನಾಡಿ ಹಿಡಿದು ಕಾದೆ. ನಾಲ್ಕು ಸಲ ಮಾಡಿದವಳು ಐದನೆಯ ಸಲ ಮಾಡದೆ ಇರುವುದಿಲ್ಲ.

ಮಾಡಿದಳು. ನಾನು ಹಲೋ ಎನ್ನುವ ಮೊದಲೇ ಆಚೆಯಿಂದ ದನಿ ಬಂತು: “ಗುಳಿಗಿ ತಗೊಂಡಿಯೇನವ್ವಾ?”

“ಅವ್ವಾರ, ನಾನು ನರ್ಸ್ ಮಾತಾಡಾಕತ್ತೇನಿ. ಯಾದಕ್ಕ ಗುಳಿಗಿರೀ ಅದು?”

ಆ ತಾಯಿ ಮಗಳಿಗೇನಾಯಿತು ಎಂದು ಮೊದಲು ಕೇಳಲಿಲ್ಲ. ತಗ್ಗಿದ ದನಿಯಲ್ಲಿ, “ಆಕಿ ಗಂಡನ ಮನಿಯವರು ಬಾಜೂಕ ಅದಾರೇನ್ರಿ?” ಎಂದಳು. ಯಾರೂ ಇಲ್ಲ ಎಂದಮೇಲೆ ಬಾಯಿಬಿಟ್ಟಳು. ಕಾಲೇಜಿನ ದಿನಗಳಿಂದ ಫಿಟ್ಸ್ ಇತ್ತು. ಗುಳಿಗೆ ತಪ್ಪಿಸದಿದ್ದರೆ ಬರುತ್ತಿರಲಿಲ್ಲ. ಬಸಿರಿಲ್ಲ. ಡಾಕ್ಟರ ಚೀಟಿ ಅತ್ತೆಯ ಮನೆಯಲ್ಲಿ ಕಣ್ಣಿಗೆ ಬೀಳಬಾರದೆಂದು ತವರಿನಲ್ಲೇ ಇತ್ತು. ಅಳುತ್ತಲೇ ಅದನ್ನು ತೆಗೆದು ಗುಳಿಗೆಯ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದಳು. ಮನೆಯವರೆಲ್ಲ ಹಿಂದಿನ ದಿನ ಊರು ಬಿಟ್ಟಾಗಿನಿಂದ ಒಂದೇ ಗಾಡಿ, ಒಂದೇ ಕೋಣೆಯಲ್ಲಿದ್ದರು. ಮರೆಯಲ್ಲಿ ಗುಳಿಗೆ ನುಂಗಲು ಹುಡುಗಿಗೆ ಜಾಗವೇ ಸಿಕ್ಕಿರಲಿಲ್ಲ.

ವೈದ್ಯರಿಗೆ ಎಲ್ಲ ತಿಳಿಸಿದೆ; ಬೀಳುವ ಮೊದಲೇ ಕೈ ಸೆಟೆದದ್ದು ಹಳೆಯ ಫಿಟ್ಸೇ ಎಂದಾಯಿತು. ಆಂಬುಲೆನ್ಸ್ ದಾಂಡೇಲಿಗೇ ಹೋಯಿತು, ಜೊತೆಗೆ ನಾನೂ ಹೋದೆ. ಸಂಜೆಯ ಹೊತ್ತಿಗೆ ಅವಳು ಕಣ್ಣುಬಿಟ್ಟಳು. ಅತ್ತ ಶಿಬಿರದಲ್ಲಿ ಮ್ಯಾನೇಜರ್ ಅವಳ ಪುಟವನ್ನು ಪ್ರಿಂಟ್ ತೆಗೆದಿಟ್ಟುಕೊಂಡಿದ್ದರು. “ಫಿಟ್ಸ್ ಇಲ್ಲ ಅಂತ ಆಕಿನ ಬರಕೊಟ್ಟಾಳ, ನಮ್ಮ ಮ್ಯಾಲೇನೂ ಬರೂದಿಲ್ಲ” ಎಂದು ನನಗೆ ಫೋನಿನಲ್ಲಿ ಸಮಾಧಾನ ಹೇಳಿದಾಗ ನನ್ನ ಪಿತ್ತ ನೆತ್ತಿಗೇರಿತು. ಅವಳು ಬಾಯಿ ತೆರೆಯದೆಯೇ ಅವಳ ಹೆಸರಿನಲ್ಲೊಂದು ಸುಳ್ಳು ಹುಟ್ಟಿ, ಈಗ ಅವಳ ಮೇಲೆಯೇ ಸಾಕ್ಷಿ ಹೇಳಲು ಹೊರಟಿತ್ತು.

ವಾರ್ಡಿನಲ್ಲಿ ಮನೆಯವರೆಲ್ಲ ಮಂಚದ ಸುತ್ತ ನಿಂತಿದ್ದರು. ವೈದ್ಯರು ಬಂದು ಅವಳಿಂದಲೇ ತಿಳಿಯೋಣವೆಂದು, “ನಿನಗೆ ಮೊದಲಿನಿಂದ ಏನಾದರೂ ತೊಂದರೆ ಇತ್ತೇನಮ್ಮ?” ಎಂದು ಕೇಳಿದರು.

“ಏನೂ ಇಲ್ಲರೀ ಆಕಿಗೆ,” ಎಂದರು ಚನ್ನಬಸಪ್ಪ. “ನಮ್ಮ ಮನ್ಯಾಗ ಯಾರಿಗೂ ಏನೂ ಇಲ್ಲ.”

ದಾನೇಶ್ವರಿ ತೆರೆದ ಬಾಯಿಯನ್ನು ಮುಚ್ಚಿಕೊಂಡಳು. ಆ ಚೌಕ ಸಾಫ್ಟ್‌ವೇರಿನಲ್ಲಿ ಬರುವುದಕ್ಕೆ ಎಷ್ಟೋ ಮೊದಲೇ ನಮ್ಮ ಮನೆಗಳಲ್ಲಿ ಇತ್ತು ಎಂಬುದು ನನಗೆ ಆಗ ಹೊಳೆಯಿತು.

ವೈದ್ಯರಿಗೆ ಸನ್ನೆ ಮಾಡಿ ಎಲ್ಲರನ್ನೂ ಹೊರಗೆ ಕಳಿಸಿದೆ. ಹಾಸಿಗೆಯ ಅಂಚಿಗೆ ಕೂತು, ಬೆಳಗ್ಗೆಯೇ ಕೇಳಬೇಕಾಗಿದ್ದ ಪ್ರಶ್ನೆ ಕೇಳಿದೆ.

“ನೀವು ಮುಂಜಾನೆ ಕೇಳಿದ್ರೂ ಹೇಳತಿದ್ದೆನೋ ಇಲ್ಲೋ ಗೊತ್ತಿಲ್ಲರೀ ಸಿಸ್ಟರ್,” ಎಂದಳು. “ಆದ್ರ ನನ್ನ ಯಾರೂ ಕೇಳಲೇ ಇಲ್ಲ.” ಬಾಗಿಲ ಕಡೆ ನೋಡಿ, “ಈಗ ಅವರಿಗೆ ಯಾರು ಹೇಳತಾರ್ರೀ?” ಎಂದಳು.

“ನೀನ ಹೇಳವ್ವ. ನಾ ಇಲ್ಲೇ ನಿಂತಿರ್ತೇನಿ.”

ಸಂತೋಷನನ್ನು ಕರೆದೆ. ಹಿಂದೆಯೇ ಕಾಕಾ ನುಗ್ಗಿ ಬಂದು, “ಏನ್ ಹೇಳೂದೈತಿ? ಆಕಿಗೇನೂ—” ಎಂದು ಶುರುಮಾಡಿದರು. ಸಂತೋಷ ಅವರತ್ತ ನೋಡದೆ ಹೆಂಡತಿಯ ಮುಖ ನೋಡುತ್ತಿದ್ದ.

“ಕಾಕಾ, ತಡೀರಿ,” ಎಂದ. “ಆಕಿ ಹೇಳ್ಲಿ.”

ಅವಳು ಹೇಳಿದಳು. ಆ ಮನೆಯಲ್ಲಿ ಮುಂದೇನಾಯಿತೋ ನನಗೆ ತಿಳಿಯದು. ಒಳ್ಳೆಯದೇ ಆಗಿರಲಿ ಎಂದು ಹಾರೈಸುತ್ತೇನೆ, ಖಾತ್ರಿ ಕೊಡಲಾರೆ.

ಆ ಚೌಕವನ್ನು ಕೆಲವು ದಿನ ತೆಗೆದಿದ್ದರು. ಸಾಲು ಉದ್ದವಾಗುತ್ತದೆಂದು ಮುಂದಿನ ಸೀಸನ್ನಿಗೆ ಮತ್ತೆ ಹಾಕಿದ್ದಾರೆ. ವಿಳಾಸ ಹನ್ನೊಂದು ಜನರದೂ ಒಂದೇ ಇರಬಹುದು, ಅದನ್ನು ಯಂತ್ರ ತುಂಬಿಕೊಳ್ಳಲಿ. ಒಬ್ಬರ ಮೈಯ ಸಂಗತಿಯನ್ನು ಮಾತ್ರ ಇನ್ನೊಬ್ಬರ ಬಾಯಿಂದ ಬರೆದುಕೊಳ್ಳಬಾರದು. ಈ ಕೆಲಸ ನನಗೆ ಕಲಿಸಿದ್ದು ಇದನ್ನೇ. ಈಗ ನಾನು ಹೊಳೆಗೆ ಇಳಿಯುವ ಮೆಟ್ಟಿಲಿನ ಬಳಿಯೇ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಫಾರ್ಮಿನಲ್ಲಿ ತುಂಬಿದ್ದೇವೆ ಎಂದು ಜನ ಬಯ್ಯುತ್ತಾರೆ. ಬಯ್ಯಲಿ. ಹನ್ನೊಂದು ಜನ ಬಂದರೆ ಹನ್ನೊಂದು ಸಲ ಕೇಳುತ್ತೇನೆ.