ಉಸ್ತಾದರ ಕೈಗುಣ

ಹೋದ ವಾರ ಅಳಿಯ ತನ್ನ ಕಾರಿನಿಂದ ಬಿಚ್ಚಿಸಿದ ಹಳೆಯ ಟೈಮಿಂಗ್ ಚೈನನ್ನು ಪೇಪರಿನಲ್ಲಿ ಸುತ್ತಿ ತಂದು ಜಗಲಿಯ ಮೇಲಿಟ್ಟಿದ್ದ. ಪೇಪರಿಗೆಲ್ಲ ಎಣ್ಣೆ ಇಳಿದಿತ್ತು. ಸುಟ್ಟ ಆಯಿಲಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಶಿರಾದ ಆ ಬೀದಿ, ತಗಡಿನ ಶೆಡ್ಡು, ಬಾನೆಟ್ಟಿನೊಳಗೆ ಅರ್ಧ ಮುಳುಗಿದ ಆ ಮನುಷ್ಯ... ಎಲ್ಲ ಕಣ್ಣಮುಂದೆ ಬಂದುಬಿಟ್ಟವು. ಮಗಳು ಮೂಗು ಮುಚ್ಚಿಕೊಂಡು, ಅದನ್ನು ಆಚೆಗೆ ಎಸೆಯಿರಿ ಎಂದಳು. ನನಗೆ ಎಸೆಯಲು ಮನಸ್ಸಾಗಲಿಲ್ಲ.

ಆ ಶೆಡ್ಡಿನ ಗೋಡೆಗೆ ಅಂಟಿಕೊಂಡೇ ನನ್ನ ಟೈಲರಿಂಗ್ ಅಂಗಡಿ ಇತ್ತು. ಅವರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರಿಗೆ ನಾನು ಟೈಲರಮ್ಮ. ಅಂಗಡಿ ಇಟ್ಟ ಹೊಸದರಲ್ಲೇ ಗಿರಾಕಿಯೊಬ್ಬರ ರೇಷ್ಮೆ ರವಿಕೆಗೆ ಅವರ ಕೈಯ ಗ್ರೀಸ್ ತಾಗಿ, ಬೀದಿಯೆಲ್ಲ ಕೇಳುವಂತೆ ಜಗಳವಾಡಿದ್ದೆ. ಆಮೇಲಿಂದ ಅವರು ನನ್ನ ಮೆಟ್ಟಿಲಿನ ಹತ್ತಿರ ಬಂದರೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ನಿಲ್ಲುತ್ತಿದ್ದರು. ನನಗೆ ನಗು ಬರುತ್ತಿತ್ತು, ತೋರಿಸಿಕೊಳ್ಳುತ್ತಿರಲಿಲ್ಲ.

ಪಾವಗಡ, ಮಧುಗಿರಿ, ಕೊರಟಗೆರೆ ಕಡೆಯ ಡ್ರೈವರುಗಳು ಅವರ ಕೈಗುಣವನ್ನು ಅಷ್ಟು ನಂಬಿದ್ದರು. ಇಂಜಿನ್ನನ್ನು ಬೇರೆ ಎಲ್ಲೇ ಬಿಚ್ಚಿಸಿರಲಿ, ಚೈನ್ ಕೂರಿಸುವುದಕ್ಕೆ ಉಸ್ತಾದರೇ ಬೇಕು. ನನ್ನ ಮೆಷಿನ್ನಿನಲ್ಲಿ ಸೂಜಿ ಇಳಿಯುವ ಹೊತ್ತಿಗೆ ಕೆಳಗಿನ ಕೊಕ್ಕೆ ಬಂದು ದಾರ ಹಿಡಿಯಬೇಕಲ್ಲ, ಹಾಗೆಯೇ ಇಂಜಿನ್ನಿನ ಮೇಲಿನ ಚಕ್ರವೂ ಕೆಳಗಿನ ಚಕ್ರವೂ ಹೊಂದಿಕೊಂಡು ತಿರುಗಬೇಕು. ಅವೆರಡನ್ನೂ ಕಟ್ಟಿಹಾಕುವುದು ಈ ಚೈನು. ಒಂದೆರಡು ಹಲ್ಲು ಆಚೀಚೆಯಾದರೂ ಪಿಸ್ಟನ್ ಹೋಗಿ ವಾಲ್ವಿಗೆ ಗುದ್ದಬಹುದು. ಗುದ್ದಿದರೆ ಇಂಜಿನ್ ಹೋದಂತೆಯೇ.

ಚೈನ್ ಕೂರಿಸಿದ ಮೇಲೆ ಅವರು ಸೀದಾ ಕೀ ತಿರುಗಿಸುತ್ತಿರಲಿಲ್ಲ. ಮೊದಲು ಸ್ಪ್ಯಾನರ್ ಹಾಕಿ ಇಂಜಿನ್ನನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸುತ್ತಿದ್ದರು. ಎಲ್ಲಾದರೂ ತಡೆದರೆ ಕೈಗೆ ತಿಳಿಯಬೇಕು, ಕಿವಿಗೆ ಕೇಳಬೇಕು. ಅದಕ್ಕೆ ಮುಂಚೆ ನನ್ನ ಬಾಗಿಲಿಗೆ ಬಂದು, "ಟೈಲರಮ್ಮ, ಒಸಿ ಮೆಷಿನ್ ನಿಲ್ಸಮ್ಮ" ಎನ್ನುತ್ತಿದ್ದರು. ಹಬ್ಬದ ಹೊಲಿಗೆ ರಾಶಿ ಬಿದ್ದಿದ್ದರೂ ಗೊಣಗಿಕೊಂಡು ನಿಲ್ಲಿಸುತ್ತಿದ್ದೆ.

ಅದೊಂದು ಶುಕ್ರವಾರ... ತಿರುಮಣಿಯ ಸೋಲಾರ್ ಪಾರ್ಕಿನವರಿಗೆ ಬಾಡಿಗೆ ಓಡಿಸುವ ಡ್ರೈವರನೊಬ್ಬನ ಕಾರು ಬಂದಿತ್ತು. ಉಸ್ತಾದರು ಚೈನ್ ಕೂರಿಸಿ, ಎರಡು ಸುತ್ತು ತಿರುಗಿಸಿ ನೋಡಿ, ಮುಚ್ಚಳ ಹಾಕಲು ಮಗನಿಗೆ ಹೇಳಿ ನಮಾಜಿಗೆ ಹೋದರು. ಮದುವೆ ಗೊತ್ತಾಗಿದ್ದ ಮಗ ಆಗಷ್ಟೇ ಅಪ್ಪನ ಕೆಲಸಕ್ಕೆ ಕೈ ಹಾಕಿದ್ದ. ಅವನು ಮುಚ್ಚಳ ಹಾಕದೆ ಒಳಗೆ ಬಗ್ಗಿ ನೋಡುತ್ತಲೇ ಇದ್ದ. ಆಮೇಲೆ ಚೈನನ್ನು ಬಿಚ್ಚಿ ಮತ್ತೆ ಕೂರಿಸಿ ಮುಚ್ಚಳ ಹಾಕಿದ. ಅಪ್ಪನೇ ಹೇಳಿ ಹೋಗಿರಬೇಕೆಂದು ನಾನು ಹೊಲಿಯುತ್ತಾ ಕೂತಿದ್ದೆ. ಮೆಷಿನ್ ನಿಲ್ಲಿಸೆಂದು ಅವನು ಕೇಳಲಿಲ್ಲ, ಕೈಯಿಂದ ಸುತ್ತು ಹಾಕಲೂ ಇಲ್ಲ.

ಉಸ್ತಾದರು ಬಂದರು. ಡ್ರೈವರ್ ಅವಸರದಲ್ಲಿ ಕೀ ತಿರುಗಿಸಿದ. ಕಬ್ಬಿಣ ಕಬ್ಬಿಣಕ್ಕೆ ಬಡಿದ ಸದ್ದು ನನ್ನ ಅಂಗಡಿಯವರೆಗೂ ಬಂತು.

"ನಿನ್ನ ಕೈ ನಂಬ್ಕಂಡು ಅಷ್ಟು ದೂರದಿಂದ ಬಂದ್ನಲ್ಲಯ್ಯಾ" ಎಂದು ಡ್ರೈವರ್ ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟ. ಉಸ್ತಾದರು ಮುಚ್ಚಳ ಬಿಚ್ಚಿ ನೋಡಿದರು. ಬಿಗಿಮಾಡಿದ ಬೋಲ್ಟುಗಳ ಮೇಲೆ ಗುರುತಿಗೆಂದು ಅವರು ಎಳೆಯುತ್ತಿದ್ದ ಬಿಳಿ ಗೆರೆ ಮುರಿದಿತ್ತು, ಅಂದರೆ ಯಾರೋ ಮತ್ತೆ ಬಿಚ್ಚಿದ್ದರು. ಒಮ್ಮೆ ಮಗನ ಮುಖ ನೋಡಿದರು. ಆಮೇಲೆ ಎಲ್ಲರ ಎದುರಿಗೆ, "ನಂದೇ ತಪ್ಪು. ನಾನೇ ಸರಿಯಾಗಿ ಕೂರ್ಸಿಲ್ಲ" ಎಂದರು. ಹಾಳಾದ ಇಂಜಿನ್ನನ್ನೂ ತಮ್ಮ ಖರ್ಚಿನಲ್ಲೇ ಕಟ್ಟಿಕೊಟ್ಟರು.

ಸಂಜೆ ನಾನು ಹೋಗಿ ಕಂಡದ್ದನ್ನು ಹೇಳಿದೆ. ಅವರು ಚಿಂದಿ ಬಟ್ಟೆಯಲ್ಲಿ ಕೈ ಒರೆಸುತ್ತಾ ಇದ್ದರು.

"ಗೊತ್ತಾಯ್ತಮ್ಮ. ಚೈನಿನಾಗೆ ಗುರುತಿಗೆ ಬಣ್ಣದ ಕೊಂಡಿ ಇರ್ತವೆ. ಕೂರ್ಸೋವಾಗ ಅವು ಚಕ್ರದ ಚುಕ್ಕಿಗೆ ಸರಿಯಾಗಿರ್ಬೇಕು. ಸುತ್ತು ಹಾಕಿದ್ಮೇಲೆ ಕೊಂಡಿ ಮುಂದುಕ್ಕೆ ಹೋಗ್ಬುಡ್ತವೆ, ಚುಕ್ಕಿ ಮಾತ್ರ ವಾಪಸ್ ಬರ್ತವೆ. ಕೊಂಡಿ ಕಾಣ್ದೆ ಹೋಗಿದ್ಕೆ ನಾನು ತಪ್ಪಿದೀನಿ ಅಂದ್ಕಂಡವ್ನೆ. ಸರಿ ಮಾಡಾಕೆ ಹೋಗಿ ಮೇಲಿನ ಚಕ್ರ ಜಾರ್ಸವ್ನೆ."

"ಹಂಗಂತ ಹೇಳ್ಬೇಕಿತ್ತು."

"ಈಗ ಹೇಳಿದ್ರೆ ಇನ್ನು ಇಂಜಿನ್ ಮುಟ್ಟಾಕೇ ಹೆದರ್ತಾನೆ. ಅವನ ಹೆಸ್ರು ಕೆಟ್ರೆ ಜಿಂದಗಿ ಪೂರಾ ಹೋತದೆ. ನೀನು ನೋಡಿಲ್ಲ, ಆಯ್ತಾ?"

ಆಯ್ತು ಎಂದೆ.

ಡ್ರೈವರುಗಳ ಬಾಯಿಗೆ ಬೀಗವಿಲ್ಲ. ಉಸ್ತಾದರ ಕೈಗುಣ ಹೋಯಿತೆಂಬ ಮಾತು ಕೊರಟಗೆರೆಯವರೆಗೂ ಮುಟ್ಟಿತು. ಕಾರುಗಳೇನೋ ಬರುತ್ತಿದ್ದವು, ಆದರೆ ಬಂದವರು ಮೊದಲೇ ಹೇಳುತ್ತಿದ್ದರು, ಮಗನೇ ಮಾಡಲಿ, ಮುದುಕ ಮುಟ್ಟುವುದು ಬೇಡ ಎಂದು. ಕೊನೆಗೊಂದು ದಿನ ಮಗನೇ ಅವರ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡು, "ಅಬ್ಬಾಜಾನ್, ನೀವು ಕೂತ್ಕಳಿ" ಎಂದ. ಮೆತ್ತಗೇ ಹೇಳಿದ, ಸುಳ್ಳು ಹೇಳಬಾರದು. ಅವರು ಹೋಗಿ ಹಳೆಯ ಟೈರಿನ ಮೇಲೆ ಕೂತರು. ಆಮೇಲೆ ದಿನಾ ಅಲ್ಲೇ ಕೂರುತ್ತಿದ್ದರು, ಶುಭ್ರವಾದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು... ನೋಡಲಾಗದೆ ನಾನು ಮೆಷಿನ್ನನ್ನು ಗೋಡೆ ಕಡೆಗೆ ತಿರುಗಿಸಿಕೊಂಡೆ. ಬಹಳ ಕಾಲ ಬದುಕಲಿಲ್ಲ ಅವರು. ಕಾಯಿಲೆಯ ಹೆಸರೇನೋ ಹೇಳಿದರು. ನನಗೆ ಬೇರೆಯೇ ಅನ್ನಿಸಿತ್ತು.

ಮೊನ್ನೆ ಕಾರು ತರಲು ಅಳಿಯನ ಜೊತೆ ನಾನೂ ಹೋದೆ. ಹೈವೇ ಪಕ್ಕದ ದೊಡ್ಡ ಗ್ಯಾರೇಜು, ಆ ಮಗನದೇ. ಅವನು ಕೆಲಸದವನೊಬ್ಬನಿಗೆ ಹೇಳುತ್ತಿದ್ದ, "ಸುತ್ತು ಹಾಕಿದ್ಮೇಲೆ ಬಣ್ಣದ ಕೊಂಡಿ ಹುಡುಕ್ಬ್ಯಾಡ ಕಣ್ಲಾ, ಅದು ಬರಲ್ಲ. ಚುಕ್ಕಿ ನೋಡು." ಅಂದರೆ ಅಂದು ತಪ್ಪಿದವರು ಯಾರೆಂದು ಇವನಿಗೆ ಯಾವತ್ತೋ ತಿಳಿದಿದೆ. ತಲೆಯೆತ್ತಿ ನನ್ನನ್ನು ನೋಡಿ, "ಟೈಲರಮ್ಮ, ಚೆನ್ನಾಗಿದೀರಾ?" ಎಂದು ಕುರ್ಚಿ ತರಿಸಿದ.

ಪಕ್ಕದಲ್ಲಿದ್ದ ಹಳೆಯ ಗಿರಾಕಿಯೊಬ್ಬ ನನಗೆ ವಿವರಿಸುವವನಂತೆ, "ಇವ್ರಪ್ಪನೂ ಒಳ್ಳೇ ಕೆಲಸ್ಗಾರನೇ ಕಣಮ್ಮ. ಕೊನೇಗೆ ಕೈಗುಣ ಹೋಗ್ಬುಡ್ತು, ಅಲ್ವಾ ಸಾಬ್ರೇ?" ಎಂದ.

"ಹೂಂ. ವಯಸ್ಸಾಗಿತ್ತು" ಎಂದು ಮಗ ಕೆಲಸಕ್ಕೆ ಬಗ್ಗಿದ.

ನನಗೆ ಅವನ ಮೇಲೆ ಬಂದ ಸಿಟ್ಟಿಗಿಂತ ಉಸ್ತಾದರ ಮೇಲೆ ಬಂದ ಸಿಟ್ಟೇ ಹೆಚ್ಚು. ಕೊಟ್ಟ ಮಾತಿಗೆ ಕಟ್ಟುಬಿದ್ದು ಅಲ್ಲಿ ಬಾಯಿ ಬಿಡಲಿಲ್ಲ. ಇಲ್ಲಿ ಬರೆಯುವಾಗಲೂ ಯಾರ ಹೆಸರನ್ನೂ ಹೇಳುತ್ತಿಲ್ಲ. ಅವರ ಕೈ ಕೊನೆಯವರೆಗೂ ಕೆಟ್ಟಿರಲಿಲ್ಲ. ಅದು ಗೊತ್ತಿರುವವರು ಈಗ ನಾವಿಬ್ಬರೇ, ಅವನು ಹೇಳುವುದಿಲ್ಲ.